ಮಗುವಿನ ಮೇಲೆ ದೌರ್ಜನ್ಯ ಅನ್ನೋ ಸುದ್ದಿನ ಓದೋದು, ಬರಿಯೋದು, ಶೇರ್ ಮಾಡೋದು ಹೇಗೆ

ಮಗುವಿನ ಮೇಲೆ ದೌರ್ಜನ್ಯ ಆಗಿದೆಯಂತೆ ಅನ್ನೋ ಸುದ್ದಿ ಕಣ್ಣಿಗೆ ಬಿದ್ದ ಕೂಡ್ಲೇ ನಾವೆಲ್ಲಾ ಮೊದಲು ಹುಡುಕೋದು ಆರೋಪಿ ಯಾರು ಅಂತ. ಏನ್ ಕೆಲಸ ಮಾಡ್ತಾನೆ, ಯಾವ ಕಡೆಯೋನು, ಫೋಟೋ ಇದ್ರೆ ಮುಖ ಹೇಗಿದೆ. ಇಷ್ಟು ನೋಡೋ ಹೊತ್ತಿಗೆ "ಇವನು ಮಾಡಿರ್ತಾನೆ ಬಿಡಿ" ಅಂತಾನೋ "ಛೆ, ಇವರು ಅಂಥೋರಲ್ಲ" ಅಂತಾನೋ ಒಳಗೊಳಗೇ ತೀರ್ಪು ಆಗೋಗಿರತ್ತೆ, ಸುದ್ದಿಯ ಎರಡನೇ ಪ್ಯಾರಾ ಇನ್ನೂ ಓದಿರಲ್ಲ. ಓದೋರಿಗಷ್ಟೇ ಹಿಂಗಾಗೋದು ಅನ್ಕೋಬೇಡಿ, ಬರೆಯೋ ರಿಪೋರ್ಟರ್‌ಗೂ ಆಗತ್ತೆ, ಹೆಡ್‌ಲೈನ್ ಕೊಡೋ ಡೆಸ್ಕ್‌ನವರಿಗೂ ಆಗತ್ತೆ, ದೂರು ತಗೊಳ್ಳೋ ಪೊಲೀಸರಿಗೂ, ಗಾಯ ನೋಡೋ ಡಾಕ್ಟರ್‌ಗೂ ಆಗತ್ತೆ. ನಾನು ಕೆಲವು ವರ್ಷ ನ್ಯೂಸ್ ಡೆಸ್ಕಲ್ಲಿ ಕೂತು ಇಂಥ ಕಾಪಿ ತಿದ್ದಿದೀನಿ, ಆ ಆತುರ ಎಷ್ಟು ಸಹಜವಾಗಿ ಬರತ್ತೆ ಅಂತ ಗೊತ್ತು. ಈ ಪೂರ್ವಗ್ರಹದಿಂದ ಎರಡು ಥರ ಹಾನಿ ಆಗತ್ತೆ, ನಿಜವಾಗ್ಲೂ ಹಿಂಸೆ ಅನುಭವಿಸ್ತಿರೋ ಮಗು ಯಾರ ಕಣ್ಣಿಗೂ ಬೀಳ್ದೇ ಉಳಿಯತ್ತೆ, ಇನ್ನೊಂದ್ ಕಡೆ ಏನೂ ಮಾಡದೇ ಇರೋರ ಬದುಕು ಬೀದಿಗೆ ಬೀಳತ್ತೆ. ಎರಡಕ್ಕೂ ಬೇರು ಒಂದೇ. ಅದನ್ನ ಹಿಡಿಯೋದು ಹೇಗೆ ಅಂತ ನನಗೆ ತಿಳಿದಷ್ಟು ಬರೀತೀನಿ.

ಮೊದಲು ನಿಮ್ಮ ತಲೆಯಲ್ಲಿರೋ ಚಿತ್ರ ನೋಡ್ಕೊಳ್ಳಿ

ಮಕ್ಕಳಿಗೆ ತೊಂದ್ರೆ ಕೊಡೋನು ಅಂದ್ರೆ ಕತ್ತಲಲ್ಲಿ ನಿಂತಿರೋ ಅಪರಿಚಿತ, ಇದು ನಮಗೆಲ್ಲಾ ಚಿಕ್ಕಂದಿನಿಂದ ಕೂತಿರೋ ಚಿತ್ರ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳೋದು ಬೇರೆ: ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದಲ್ಲಿ ಸುಮಾರು 90 ಪರ್ಸೆಂಟ್ ಮಗುಗೋ ಮನೆಯವರಿಗೋ ಗೊತ್ತಿರೋರು, ನಂಬಿಕೆ ಇಟ್ಟಿರೋರು ಮಾಡೋದು. ಆದ್ರೆ ಅಪರಿಚಿತ ಎತ್ತಾಕೊಂಡು ಹೋದ ಕೇಸು ವಾರಗಟ್ಲೆ ಟೀವಿಯಲ್ಲಿ ಓಡತ್ತೆ, ಮನೆಯೊಳಗೆ ವರ್ಷಗಟ್ಲೆ ನಡೆದಿದ್ದು ಒಳಪುಟದಲ್ಲಿ ನಾಲ್ಕು ಸಾಲು ಆಗತ್ತೆ, ಯಾಕಂದ್ರೆ ಮೊದಲನೇದು ಕಥೆ ಥರ ಇದೆ, ಎರಡನೇದು ಓದಿದ್ರೆ ನಮ್ಮ ಮನೇನೇ ತಿರುಗಿ ನೋಡ್ಬೇಕಾಗತ್ತೆ.

ಇದೇ ಚಿತ್ರದ ಇನ್ನೊಂದು ಮಗ್ಗುಲು ಅಂದ್ರೆ ಗಣ್ಯರು. ಬ್ರಿಟನ್ನಿನ ಟೀವಿ ನಿರೂಪಕ ಜಿಮ್ಮಿ ಸ್ಯಾವಿಲ್‌ಗೆ ಸರ್ ಪದವಿ ಇತ್ತು, ಆಸ್ಪತ್ರೆಗಳಿಗೆ ಚಂದಾ ಎತ್ತಿಕೊಟ್ಟಿದ್ದ, ಮಕ್ಕಳ ಕಾರ್ಯಕ್ರಮ ನಡೆಸ್ತಿದ್ದ. ಅವನು ಸತ್ತಿದ್ದು 2011ರ ಅಕ್ಟೋಬರಲ್ಲಿ. ಬಿಬಿಸಿಯ ನ್ಯೂಸ್‌ನೈಟ್ ತಂಡ ಅವನು ಲೈಂಗಿಕ ದೌರ್ಜನ್ಯ ಮಾಡಿದಾನೆ ಅನ್ನೋ ಆರೋಪದ ಬಗ್ಗೆ ತನಿಖೆ ಶುರು ಮಾಡಿತ್ತು, ಅದನ್ನ ಡಿಸೆಂಬರಲ್ಲಿ ಕೈಬಿಟ್ರು, ಅದೇ ಕ್ರಿಸ್‌ಮಸ್‌ಗೆ ಅದೇ ಬಿಬಿಸಿ ಅವನ ಶ್ರದ್ಧಾಂಜಲಿ ಕಾರ್ಯಕ್ರಮ ಹಾಕ್ತು. ಸತ್ಯ ಹೊರಗೆ ಬಂದಿದ್ದು 2012ರ ಅಕ್ಟೋಬರಲ್ಲಿ ಐಟಿವಿ ಚಾನೆಲ್ ಮೂಲಕ. 2013ರ ಜನವರಿಯ ಪೊಲೀಸ್ ವರದಿ ಪ್ರಕಾರ ಸುಮಾರು 450 ಜನ ಮುಂದೆ ಬಂದು ಅವನ ಬಗ್ಗೆ ಹೇಳಿದ್ರು, ಅವರಲ್ಲಿ ಹೆಚ್ಚಿನೋರು ದೌರ್ಜನ್ಯ ಆದಾಗ 18 ತುಂಬದೇ ಇದ್ದೋರು. ಅಷ್ಟು ಜನ ದಶಕಗಟ್ಲೆ ಒಳಗೇ ಇಟ್ಕೊಂಡು ಬದುಕಿದಾರೆ ಅಂದ್ರೆ ಯೋಚನೆ ಮಾಡಿ, ನನ್ನನ್ನ ಯಾರು ನಂಬ್ತಾರೆ ಅನ್ನೋ ಭಯ ಅವರಿಗೆ ಸುಮ್ನೆ ಬಂದಿದ್ದಲ್ಲ.

ಡಾಕ್ಟರುಗಳ ವಿಷಯದಲ್ಲಿ ಇದನ್ನ ಲೆಕ್ಕ ಹಾಕಿ ತೋರಿಸಿದಾರೆ. 1999ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಬಂದ ಅಧ್ಯಯನದಲ್ಲಿ, ಹಿಂಸೆಯಿಂದ ತಲೆಗೆ ಪೆಟ್ಟಾಗಿದ್ದ 173 ಚಿಕ್ಕ ಮಕ್ಕಳ ಪೈಕಿ 54 ಮಕ್ಕಳನ್ನ ಡಾಕ್ಟರ್ ಮೊದಲೇ ನೋಡಿದ್ರೂ ಹಿಂಸೆ ಅಂತ ಗುರುತಿಸಿರ್ಲಿಲ್ಲ. ಹಂಗೆ ತಪ್ಪಿಹೋಗಿದ್ದು ಜಾಸ್ತಿ ಯಾರ ಮಕ್ಕಳು ಅಂದ್ರೆ ಬಿಳಿಯರ ಮಕ್ಕಳು, ಅಪ್ಪ ಅಮ್ಮ ಇಬ್ಬರೂ ಜೊತೇಲಿರೋ ಮನೆಯ ಮಕ್ಕಳು. 2002ರಲ್ಲಿ ಅದೇ ಪತ್ರಿಕೆಯಲ್ಲಿ ಮೂಳೆ ಮುರಿದ ಮಕ್ಕಳ ಬಗ್ಗೆ ಇನ್ನೊಂದು ಅಧ್ಯಯನ ಬಂತು, ಅಲ್ಲಿ ಉಲ್ಟಾ, ಅಲ್ಪಸಂಖ್ಯಾತ ಕುಟುಂಬದ ಮಕ್ಕಳಾದ್ರೆ ಹಿಂಸೆಯ ಅನುಮಾನಪಟ್ಟು ಅಧಿಕಾರಿಗಳಿಗೆ ರಿಪೋರ್ಟ್ ಮಾಡೋದು ಜಾಸ್ತಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಬ್ಬರ ಮನೆ ಮಗುನ ಯಾರೂ ಕೇಳ್ಲಿಲ್ಲ, ಇನ್ನೊಬ್ಬರ ಮನೆಗೆ ವಿಚಾರಣೆ ಬಂತು. ಮೀಡಿಯಾಗೆ ಸಿಗೋ ಕೇಸುಗಳು ಈ ಜರಡಿಯಿಂದಾನೇ ಬರೋದು, ಅಂದ್ರೆ ಪೊಲೀಸ್, ಆಸ್ಪತ್ರೆ, ಶಾಲೆ ಯಾರನ್ನ ಅನುಮಾನಿಸ್ತೋ ಅವರೇ ಸುದ್ದಿಯಾಗೋದು, ಆಮೇಲೆ ಆ ಸುದ್ದಿ ಓದಿದ ಡಾಕ್ಟರ್ರು ಟೀಚರ್ರು ಮುಂದಿನ ಸಲನೂ ಅಂಥೋರನ್ನೇ ಅನುಮಾನಿಸ್ತಾರೆ.

ಹಂಗಾಗಿ ಮಾಡ್ಬೇಕಾದ ಮೊದಲ ಕೆಲಸ ಇದು: ಸುದ್ದಿ ಓದಿದ ಮೇಲೆ ಆರೋಪಿ ಜಾಗದಲ್ಲಿ ಬೇರೆ ಒಬ್ಬರನ್ನ ಇಟ್ಟು ಇನ್ನೊಂದ್ಸಲ ಓದಿ. ಕೂಲಿಯವನಿದ್ದ ಕಡೆ ಡಾಕ್ಟರ್ ಹಾಕಿ, ಮಲತಂದೆ ಇದ್ದ ಕಡೆ ಸ್ವಂತ ಅಪ್ಪ ಹಾಕಿ, ಗಂಡಸಿದ್ದ ಕಡೆ ಹೆಂಗಸು ಹಾಕಿ. ನಿಮ್ಮ ಅಭಿಪ್ರಾಯ ಅಲ್ಲಾಡಿದ್ರೆ, ಅದು ಸಾಕ್ಷಿ ನೋಡಿ ಬಂದ ಅಭಿಪ್ರಾಯ ಆಗಿರ್ಲಿಲ್ಲ ಅಂತ.

ಹೆಡ್‌ಲೈನ್ ಬಿಡಿಸಿ ಓದಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ, ಯಾಕಂದ್ರೆ ನಮ್ಮ ಕನ್ನಡದ ಹೆಡ್‌ಲೈನುಗಳಲ್ಲಿ ಪೂರ್ವಗ್ರಹ ಒಂದೊಂದು ಪದದಲ್ಲಿ ಅಡಗಿರತ್ತೆ.

"ಬಾಲಕಿ ಮೇಲೆ ಅತ್ಯಾಚಾರ" ಅಂತ ಇರತ್ತೆ. ಮಾಡಿದ್ದು ಯಾರು ಅನ್ನೋದು ವಾಕ್ಯದಲ್ಲೇ ಇಲ್ಲ, ಮಳೆ ಬಿತ್ತು ಅನ್ನೋ ಥರ ಅದೊಂದು ಆಗಿಹೋದ ವಿಷಯ. ಆರೋಪಿ ಬಡವನಾಗಿದ್ರೆ ಮಾತ್ರ ಅವನ ಕೆಲಸ ಹೆಡ್‌ಲೈನಿಗೆ ಬರತ್ತೆ. "ಕಾಮುಕ", "ಪಾಪಿ ತಂದೆ", "ಕಾಮಪಿಶಾಚಿ" ಅಂತ ಬರೆದ್ರೆ ಓದೋರಿಗೆ ಸಿಟ್ಟು ಬರತ್ತೆ ನಿಜ, ಆದ್ರೆ ಅದು ತೀರ್ಪಿಗಿಂತ ಮುಂಚೆ ಕೊಟ್ಟ ತೀರ್ಪು, ಜೊತೆಗೆ ಪಿಶಾಚಿ ಅಂದ ಕೂಡ್ಲೇ ಅವನು ನಮ್ಮಂಥ ಮನುಷ್ಯ ಅಲ್ಲ ಅಂತಾಗತ್ತೆ, ನಗ್‌ನಗ್ತಾ ಮಾತಾಡೋ ಪಕ್ಕದ ಮನೆಯವರ ಮೇಲೆ ಯಾರಿಗೂ ಅನುಮಾನ ಬರಲ್ಲ. ಮಗು ಹೇಳೋಕೆ ಬಂದಾಗ "ಅವರು ಅಂಥೋರಲ್ಲ ಪುಟ್ಟಾ" ಅಂತ ಬಾಯಿ ಮುಚ್ಚಿಸೋದು ಈ ಪಿಶಾಚಿ ಚಿತ್ರಾನೇ.

"ಪುಸಲಾಯಿಸಿ", "ಪ್ರೀತಿಯ ಹೆಸರಲ್ಲಿ", "ಅಪ್ರಾಪ್ತೆ ಜೊತೆ ಲೈಂಗಿಕ ಸಂಪರ್ಕ". ಈ ಕೊನೇದನ್ನ ಓದಿದ್ರೆ ಇಬ್ಬರ ಒಪ್ಪಿಗೆ ಮೇಲೆ ಏನೋ ನಡೆದಿದೆ ಅನ್ಸತ್ತೆ. ಮಗುವಿಗೂ ದೊಡ್ಡವನಿಗೂ ನಡುವೆ ಸಂಪರ್ಕ, ಸಂಬಂಧ ಅಂತೆಲ್ಲಾ ಇಲ್ಲ, ಅದು ದೌರ್ಜನ್ಯ, ಹಂಗೇ ಬರೀಬೇಕು. "ಮಾನಭಂಗ", "ಶೀಲ ಹಾಳು ಮಾಡಿದ" ಅನ್ನೋದು ಇನ್ನೂ ಕೆಟ್ಟದ್ದು, ಮಾನ ಹೋಗಿದ್ದು ಮಗುವಿಂದು ಅಂತ ಅರ್ಥ ಬರತ್ತಲ್ಲ, ಹೋಗ್ಬೇಕಾಗಿದ್ದು ಮಾಡಿದೋನ ಮಾನ. "ಬಾಲ ವೇಶ್ಯೆ" ಅನ್ನೋ ಮಾತು ಬೇಡ ಅಂತ ಮಕ್ಕಳ ಶೋಷಣೆ ಬಗ್ಗೆ ಯಾವ ಪದ ಬಳಸ್ಬೇಕು ಅಂತ ತಿಳಿಸೋಕೆ 2016ರಲ್ಲಿ ಬಂದ ಲಕ್ಸೆಂಬರ್ಗ್ ಮಾರ್ಗಸೂಚಿಯಲ್ಲಿ ಹೇಳಿದಾರೆ. "ಚೈಲ್ಡ್ ಪೋರ್ನ್" ಅನ್ನೋದೂ ಹಂಗೇ, ಪೋರ್ನ್ ಅಂದ್ರೆ ಒಪ್ಪಿ ಮಾಡಿದ್ದು ಅನ್ನೋ ನೆರಳು ಅದರ ಮೇಲಿದೆ. ಭಾರತದ ಸುಪ್ರೀಂ ಕೋರ್ಟೇ 2024ರ ಸೆಪ್ಟೆಂಬರಲ್ಲಿ ಆ ಪದ ಬಿಡಿ, ಮಕ್ಕಳ ಲೈಂಗಿಕ ಶೋಷಣೆ ಮತ್ತು ದೌರ್ಜನ್ಯದ ಸಾಮಗ್ರಿ ಅನ್ನಿ ಅಂತ ಹೇಳಿದೆ. ಉದ್ದ ಆಯ್ತು ಅಂತ ಡೆಸ್ಕಲ್ಲಿ ಗೊಣಗ್ತಾರೆ, ಗೊಣಗ್ಲಿ, ಕಾಲಂ ಅಳತೆಗೋಸ್ಕರ ಅರ್ಥ ಕೊಲ್ಲೋಕಾಗಲ್ಲ.

ವಯಸ್ಸಿನ ಪದ ನೋಡಿ. 15 ವರ್ಷದೋಳು ಒಂದು ಕಡೆ "ಬಾಲಕಿ", ಇನ್ನೊಂದು ಕಡೆ "ಯುವತಿ". ಯಾವ ಹುಡುಗೀನ ಯುವತಿ ಅಂತ ಕರೆದಿದಾರೆ ಅಂತ ಒಂದು ತಿಂಗಳು ಗಮನಿಸಿ, ಯಾವ ಮಗುನ ಮಗು ಅಂತ ಒಪ್ಪೋಕೆ ನಮಗೆ ಕಷ್ಟ ಆಗ್ತಿದೆ ಅಂತ ತಿಳಿಯತ್ತೆ. 2017ರಲ್ಲಿ ಅಮೆರಿಕದ ಜಾರ್ಜ್‌ಟೌನ್ ಕಾನೂನು ಕಾಲೇಜಿನ ಅಧ್ಯಯನ ಇದನ್ನೇ ಹೇಳಿತ್ತು, ಕಪ್ಪು ವರ್ಣದ ಹುಡುಗೀರನ್ನ 5 ವರ್ಷದಿಂದಾನೇ ದೊಡ್ಡವರು ಕಮ್ಮಿ ಮುಗ್ಧರು, ಜಾಸ್ತಿ ತಿಳ್ಕೊಂಡೋರು ಅಂತ ನೋಡ್ತಾರೆ ಅಂತ.

ಇನ್ನು "ಎನ್ನಲಾಗಿದೆ". ಯಾರು ಅಂದಿದ್ದು? ಪೊಲೀಸರಾ, ಅಮ್ಮನಾ, ಪಕ್ಕದ ಮನೆಯವರಾ, ರಿಪೋರ್ಟರ್‌ಗೇ ಅನ್ಸಿದ್ದಾ? ಈ ಒಂದು ಪದದ ಕೆಳಗೆ ಗಾಳಿಸುದ್ದಿನೂ ಎಫ್‌ಐಆರೂ ಒಂದೇ ಬಟ್ಟೆ ಹಾಕ್ಕೊಂಡು ಕೂತಿರತ್ತೆ. ಓದುವಾಗ ಪ್ರತಿ ಎನ್ನಲಾಗಿದೆಗೂ ಯಾರಿಂದ ಅಂತ ಕೇಳಿ, ಉತ್ತರ ಸುದ್ದಿಯೊಳಗೆ ಇಲ್ಲ ಅಂದ್ರೆ ಆ ವಾಕ್ಯ ಬಿಟ್ಟು ಮುಂದೆ ಓದಿ. ಶಂಕಿತ, ಆರೋಪಿ, ಅಪರಾಧಿ, ಈ ಮೂರೂ ಬೇರೆಬೇರೆ, ಇದು ಎಲ್ರಿಗೂ ಗೊತ್ತು, ಆದ್ರೂ ದಿನಾ ಕಲಸಿಹಾಕ್ತಾರೆ.

ಎಲ್ರೂ ಒಂದೇ ರಾಗ ಹಾಡ್ತಿದ್ರೆ ನಿಧಾನ ಮಾಡಿ

1983ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚಲ್ಲಿ ಮೆಕ್‌ಮಾರ್ಟಿನ್ ಅನ್ನೋ ಶಿಶುವಿಹಾರದ ಮೇಲೆ ದೂರು ಬಂತು. ಪೊಲೀಸರು ಸುಮಾರು 200 ಪೋಷಕರಿಗೆ ಪತ್ರ ಬರೆದು ನಿಮ್ಮ ಮಕ್ಕಳನ್ನ ಕೇಳಿ ನೋಡಿ ಅಂದ್ರು, ಗಾಬರಿ ಹಬ್ತು. 1984ರಲ್ಲಿ ಒಂದು ಟೀವಿ ಚಾನೆಲ್ ಸುದ್ದಿ ಒಡೀತು, ಆಮೇಲೆ ಪತ್ರಿಕೆಗಳು ಮುಗಿಬಿದ್ವು. ನೂರಾರು ಮಕ್ಕಳನ್ನ ಕೇಳೋವಾಗ ಉತ್ತರ ಪ್ರಶ್ನೆಯೊಳಗೇ ಇಟ್ಟು ಕೇಳಿದ್ರು, ಇನ್ನೊಬ್ಬ ಮಗು ಹೇಳಿದೆ ನೀನೂ ಹೇಳು ಅನ್ನೋ ಥರ. ಗುಪ್ತ ಸುರಂಗ, ಸೈತಾನನ ಪೂಜೆ ಅಂತೆಲ್ಲಾ ಕಥೆ ಬೆಳೀತು, ಅದನ್ನ ಯಾರೂ ನಿಲ್ಸಿ ಕೇಳ್ಲಿಲ್ಲ. 1990ರಲ್ಲಿ ಕೇಸು ಮುಗಿಯೋ ಹೊತ್ತಿಗೆ ಅಮೆರಿಕದ ಚರಿತ್ರೆಯಲ್ಲೇ ಅಲ್ಲೀತನಕದ ಅತಿ ಉದ್ದದ ಕ್ರಿಮಿನಲ್ ವಿಚಾರಣೆ ಅನ್ನಿಸ್ಕೊಂಡಿತ್ತು, ಒಬ್ಬರಿಗೂ ಶಿಕ್ಷೆ ಆಗ್ಲಿಲ್ಲ. ಲಾಸ್ ಏಂಜಲೀಸ್ ಟೈಮ್ಸ್‌ನ ಮಾಧ್ಯಮ ವಿಮರ್ಶಕ ಡೇವಿಡ್ ಶಾ ಆಗ ಮಾಡಿದ ಕೆಲಸ ನನಗೆ ತುಂಬಾ ದೊಡ್ಡದು ಅನ್ಸತ್ತೆ, ತನ್ನ ಸ್ವಂತ ಪತ್ರಿಕೆಯೂ ಸೇರಿ ಎಲ್ರೂ ಎಲ್ಲೆಲ್ಲಿ ಎಡವಿದ್ರು ಅಂತ ಸರಣಿ ಬರೆದ, ಅದಕ್ಕೆ 1991ರಲ್ಲಿ ಪುಲಿಟ್ಜರ್ ಪತ್ರಿಕೋದ್ಯಮ ಪ್ರಶಸ್ತಿ ಬಂತು.

ಫ್ರಾನ್ಸಿನ ಊಟ್ರೋ ಕೇಸು ಇನ್ನೂ ಸಿಕ್ಕು. ಅಲ್ಲಿ ದೌರ್ಜನ್ಯ ನಿಜ, 12 ಮಕ್ಕಳನ್ನ ಸಂತ್ರಸ್ತರು ಅಂತ ಕೋರ್ಟ್ ಒಪ್ಕೊಂಡಿದೆ, 4 ಜನ ತಪ್ಪು ಒಪ್ಕೊಂಡ್ರು. ಆದ್ರೆ ಅದರ ಜೊತೆ ಇನ್ನೂ 13 ಜನರನ್ನ ಎಳೆದಿದ್ರು, 2004 ಮತ್ತು 2005ರಲ್ಲಿ ಅವರೆಲ್ಲಾ ಖುಲಾಸೆ ಆದ್ರು, ಅಷ್ಟರಲ್ಲಿ ಕೆಲವರು ವರ್ಷಗಟ್ಲೆ ಜೈಲಲ್ಲಿದ್ರು, ಆರೋಪ ಹೊತ್ತ ಒಬ್ಬರು ಜೈಲಲ್ಲೇ ತೀರ್ಕೊಂಡ್ರು. ಮೊದಲು ಪತ್ರಿಕೆಗಳು ಎಲ್ರೂ ರಾಕ್ಷಸರು ಅಂದ್ವು, ಆಮೇಲೆ ಇದೊಂದು ದೊಡ್ಡ ನ್ಯಾಯಾಂಗ ಹಗರಣ ಅಂದ್ವು, ಎರಡೂ ಸಲ ಆ 12 ಮಕ್ಕಳು ಹಿಂದಕ್ಕೆ ಸರಿದ್ರು.

ಬ್ರಿಟನ್ನಿನ ಕ್ಲೀವ್‌ಲ್ಯಾಂಡಲ್ಲಿ 1987ರಲ್ಲಿ ಇಬ್ಬರು ಮಕ್ಕಳ ಡಾಕ್ಟರುಗಳು 121 ಮಕ್ಕಳಿಗೆ ದೌರ್ಜನ್ಯ ಆಗಿದೆ ಅಂದಾಗಲೂ ಹಿಂಗೇ, ಪತ್ರಿಕೆಗಳು ಪೋಷಕರ ಪಕ್ಷ ಡಾಕ್ಟರ್ ಪಕ್ಷ ಅಂತ ಹಂಚ್ಕೊಂಡ್ವು. ಮಾರನೇ ವರ್ಷ ಬಂದ ವಿಚಾರಣಾ ವರದಿಯಲ್ಲಿ ಒಂದು ಮಾತಿದೆ, ಮಗು ಒಬ್ಬ ವ್ಯಕ್ತಿ, ಕಾಳಜಿ ತೋರಿಸೋಕಿರೋ ವಸ್ತು ಅಲ್ಲ ಅಂತ. ನಾನು ಕಾಪಿ ತಿದ್ದೋವಾಗ ಇದನ್ನ ನೆನಪಿಟ್ಕೊಂಡಿದ್ದೆ.

ಈ ಕೇಸುಗಳನ್ನ ಇಟ್ಕೊಂಡು ಮಕ್ಕಳು ಸುಳ್ಳು ಹೇಳ್ತಾರೆ ಅಂತ ವಾದ ಮಾಡೋರಿದಾರೆ, ದಯವಿಟ್ಟು ಆ ಕಡೆ ಹೋಗ್ಬೇಡಿ. ಅಲ್ಲಿ ಕೆಟ್ಟಿದ್ದು ದೊಡ್ಡವರು ಕೇಳಿದ ರೀತಿ. ಮಗು ತಾನಾಗೇ ಹೇಳಿದ್ದಾ, ಎಷ್ಟು ಜನ ಎಷ್ಟು ಸಲ ಕೇಳಿದ್ರು, ತರಬೇತಿ ಇದ್ದೋರು ಕೇಳಿದ್ರಾ, ಮಗು ಮಾತಲ್ಲದೇ ಬೇರೆ ಆಧಾರ ಇದ್ಯಾ, ಆರೋಪಿ ಕಡೆ ಏನು ಹೇಳ್ತಾರೆ, ಸುದ್ದಿಯಲ್ಲಿ ಈ ವಿವರ ಹುಡುಕಿ. ಹತ್ತು ಕಡೆ ಬಂದಿದೆ ಅಂದ್ರೆ ಹತ್ತು ಮೂಲ ಇದೆ ಅಂತಲ್ಲ, ಒಂದೇ ಪೊಲೀಸ್ ಪ್ರೆಸ್ ನೋಟನ್ನ ಹತ್ತು ಜನ ಟೈಪ್ ಮಾಡಿರ್ತಾರೆ, ಸಾಲುಗಳನ್ನ ಹೋಲಿಸಿ ನೋಡಿದ್ರೆ ಗೊತ್ತಾಗತ್ತೆ.

ಜನಾಂಗದ ಹೆಸರು ಬಂದಾಗ

ಇದು ಕಷ್ಟದ ಜಾಗ, ನಾಜೂಕಾಗಿ ಹೇಳ್ತೀನಿ. ಇಂಗ್ಲೆಂಡಿನ ರಾದರಮ್ ಊರಲ್ಲಿ 1997ರಿಂದ 2013ರವರೆಗೆ ಸುಮಾರು 1,400 ಮಕ್ಕಳು ಲೈಂಗಿಕ ಶೋಷಣೆಗೆ ಸಿಕ್ಕಿದ್ರು ಅಂತ 2014ರಲ್ಲಿ ಬಂದ ಅಲೆಕ್ಸಿಸ್ ಜೇ ಅವರ ವಿಚಾರಣಾ ವರದಿ ಅಂದಾಜು ಮಾಡ್ತು. ಅದರಲ್ಲಿ ಎರಡು ಪೂರ್ವಗ್ರಹ ಒಟ್ಟಿಗೆ ಕಾಣತ್ತೆ. ಒಂದು, ಆ ಹುಡುಗೀರಲ್ಲಿ ಎಷ್ಟೋ ಜನ ಬಡ ಮನೆಯೋರು, ಮಕ್ಕಳ ಪಾಲನಾ ಕೇಂದ್ರದಲ್ಲಿ ಇದ್ದೋರು, ಪೊಲೀಸರು ಅವರನ್ನ ತಿರಸ್ಕಾರದಿಂದ ನೋಡಿದ್ರು, ತಾವೇ ಬಯಸಿ ಹೋಗಿದಾರೆ ಅನ್ನೋ ಥರ. ಎರಡು, ಆರೋಪಿಗಳಲ್ಲಿ ಹೆಚ್ಚಿನೋರು ಪಾಕಿಸ್ತಾನಿ ಮೂಲದೋರು ಅಂತ ಹೇಳಿದ್ರೆ ನಮ್ಮನ್ನ ಜನಾಂಗದ್ವೇಷಿ ಅಂತಾರೇನೋ ಅಂತ ಕೆಲವು ಸಿಬ್ಬಂದಿ ಹಿಂಜರಿದ್ರು. ಆಮೇಲೆ ಸುದ್ದಿ ದೊಡ್ಡದಾದಾಗ ಇನ್ನೊಂದು ತುದಿಗೆ ಹೋಯ್ತು, ಇದು ಒಂದೇ ಜನಾಂಗದ ಅಪರಾಧ ಅನ್ನೋ ಹಂಗೆ. 2025ರಲ್ಲಿ ಲೂಯಿಸ್ ಕೇಸಿ ಅನ್ನೋರು ಬ್ರಿಟಿಷ್ ಸರ್ಕಾರಕ್ಕೆ ಕೊಟ್ಟ ವರದಿ ನೋಡಿದ್ರೆ ದೇಶದ ಮಟ್ಟದಲ್ಲಿ ಮೂರನೇ ಎರಡು ಪಾಲು ಆರೋಪಿಗಳ ಜನಾಂಗ ದಾಖಲೇ ಆಗಿಲ್ಲ. ಲೆಕ್ಕ ಬರೆದಿಡದೇ ಮುಚ್ಚಿಟ್ರೆ ಆ ಖಾಲಿ ಜಾಗನ ದ್ವೇಷ ತುಂಬತ್ತೆ.

ಹಂಗಾದ್ರೆ ಬರೀಬೇಕಾ ಬೇಡ್ವಾ? ಅಪರಾಧ ನಡೆದ ಬಗೆಗೆ, ಅಥವಾ ಅಧಿಕಾರಿಗಳು ಸುಮ್ಮನಿದ್ದಿದ್ದಕ್ಕೆ ಅದು ಕಾರಣ ಆಗಿದ್ರೆ ಬರೀರಿ, ಆಧಾರ ಸಮೇತ. ಇಲ್ದಿದ್ರೆ ಬೇಡ. ನನ್ನದೊಂದು ಪರೀಕ್ಷೆ ಇದೆ, ಆರೋಪಿ ನಿಮ್ಮ ಜಾತಿ ನಿಮ್ಮ ಧರ್ಮದೋನಾಗಿದ್ರೆ ಆ ವಿವರ ಅದೇ ಜಾಗದಲ್ಲಿ ಹಾಕ್ತಿದ್ರಾ?

ಸಂಸ್ಕೃತಿ ಅನ್ನೋ ನೆಪಾನೂ ಇದೆ. 2000ದಲ್ಲಿ ಲಂಡನ್ನಲ್ಲಿ ಪಶ್ಚಿಮ ಆಫ್ರಿಕಾದಿಂದ ಬಂದಿದ್ದ 8 ವರ್ಷದ ಹುಡುಗಿ ಹಿಂಸೆಯಿಂದ ಸತ್ತಳು. ದೊಡ್ಡವರ ಮುಂದೆ ಆ ಮಗು ಅಲುಗಾಡದೇ ನೆಟ್ಟಗೆ ನಿಲ್ತಿದ್ದಿದ್ದನ್ನ ಅವರ ಕಡೆ ಹಿರಿಯರಿಗೆ ಗೌರವ ಕೊಡೋದು ಹಂಗೇ ಅಂತ ಅಂದ್ಕೊಂಡಿದ್ರು ಅನ್ನೋದು ಆ ಸಾವಿನ ಬಗ್ಗೆ 2003ರಲ್ಲಿ ಬಂದ ಲೇಮಿಂಗ್ ವಿಚಾರಣಾ ವರದಿಯಲ್ಲಿ ಬಂತು. ಭಯ ಯಾವ ಸಂಸ್ಕೃತಿಯಲ್ಲೂ ಭಯಾನೇ.

ಯಾವುದು ಸುದ್ದಿ ಆಗ್ಲೇ ಇಲ್ಲ

ಅಮೆರಿಕದಲ್ಲಿ ದೃಢಪಟ್ಟ ಕೇಸುಗಳಲ್ಲಿ ಸುಮಾರು ಮುಕ್ಕಾಲು ಪಾಲು ನಿರ್ಲಕ್ಷ್ಯದ್ದು, ಅಂದ್ರೆ ಊಟ, ಔಷಧಿ, ನಿಗಾ ಇಲ್ದೇ ಬಿಟ್ಟಿದ್ದು. ಅದು ಸುದ್ದಿಯಾಗೋದು ಮಗು ಸತ್ತಾಗ ಮಾತ್ರ. ಗಂಡು ಮಕ್ಕಳ ಕಥೆನೂ ಹಂಗೇ. ಯುನಿಸೆಫ್ 2024ರಲ್ಲಿ ಕೊಟ್ಟ ಅಂದಾಜು ಪ್ರಕಾರ ಇವತ್ತು ಬದುಕಿರೋ ಹುಡುಗರು ಗಂಡಸರಲ್ಲಿ 24ರಿಂದ 31 ಕೋಟಿ ಜನ ಚಿಕ್ಕಂದಿನಲ್ಲಿ ಅತ್ಯಾಚಾರಕ್ಕೋ ಲೈಂಗಿಕ ಹಲ್ಲೆಗೋ ಒಳಗಾದೋರು. ಸುದ್ದಿಯಲ್ಲಿ ಅವರನ್ನ ಹುಡುಕಿ ನೋಡಿ, ಸಿಗೋದು ಕಮ್ಮಿ. ಹೆಂಗಸು ಆರೋಪಿ ಆಗಿದ್ದು ಹುಡುಗ ಸಂತ್ರಸ್ತ ಆಗಿದ್ರೆ ಹೆಡ್‌ಲೈನು "ಟೀಚರ್ ಜೊತೆ ವಿದ್ಯಾರ್ಥಿಯ ಪ್ರೇಮ ಪ್ರಸಂಗ" ಆಗೋಗತ್ತೆ.

ನೀವೇ ಬರೆಯೋರಾಗಿದ್ರೆ

ಒಬ್ಬ ಕೆಟ್ಟವನ ಕಥೆಗಿಂತ ಅವನನ್ನ ಉಳಿಸಿದ ವ್ಯವಸ್ಥೆಯ ಕಥೆ ಹಿಡೀರಿ. 2016ರ ಆಗಸ್ಟಲ್ಲಿ ಇಂಡಿಯಾನಾಪೊಲಿಸ್ ಸ್ಟಾರ್ ಪತ್ರಿಕೆ, ಅಮೆರಿಕದ ಜಿಮ್ನಾಸ್ಟಿಕ್ಸ್ ಸಂಸ್ಥೆ ಕೋಚುಗಳ ಮೇಲಿನ ದೂರುಗಳನ್ನ ಪೊಲೀಸರಿಗೆ ಕೊಡ್ದೇ ಕಡತದಲ್ಲೇ ಇಟ್ಕೊಂಡಿತ್ತು ಅಂತ ಬರೀತು. ತಂಡದ ಡಾಕ್ಟರ್ ಲ್ಯಾರಿ ನಾಸರ್ ಹೆಸರು ಆ ವರದಿಯಲ್ಲಿ ಇರ್ಲೇ ಇಲ್ಲ. ಅದನ್ನ ಓದಿ ಒಬ್ಬ ಮಾಜಿ ಜಿಮ್ನಾಸ್ಟ್, ನಾಸರ್ ತನ್ನ ಮೇಲೆ ದೌರ್ಜನ್ಯ ಮಾಡಿದ್ದ ಅಂತ ಪತ್ರಿಕೆಗೆ ಇಮೇಲ್ ಬರೆದ್ರು, ಸೆಪ್ಟೆಂಬರಲ್ಲಿ ಅವನ ಹೆಸರು ಅಚ್ಚಾಯ್ತು, 2018ರ ಜನವರಿಯಲ್ಲಿ 150ಕ್ಕೂ ಹೆಚ್ಚು ಜನರ ಮಾತು ಕೋರ್ಟಲ್ಲಿ ಕೇಳಿಸ್ತು. ಇಲ್ಲಿ ನಮ್ಮ ಮಾತು ಕೇಳೋರಿದಾರೆ ಅಂತ ಓದುಗರಿಗೆ ಅನ್ಸಿದ್ರೆ ಆಗೋದು ಹಿಂಗೆ.

ಮಗುವಿನ ಮುಂದೆ ಮೈಕ್ ಹಿಡೀಬೇಡಿ, ಯಾವ ಕಾರಣಕ್ಕೂ. ಮಗುವಿನ ನೆನಪು ಕೇಳಿದ ಹಾಗೆ ಬದಲಾಗತ್ತೆ, ನಾಳೆ ಕೋರ್ಟಲ್ಲಿ ಆ ಸಾಕ್ಷಿ ಬಿದ್ದೋಗೋಕೆ ನಿಮ್ಮ ಎರಡು ನಿಮಿಷದ ಬೈಟ್ ಸಾಕು. ಹೆಸರು ಬಿಟ್ರೆ ಗುರುತು ಮುಚ್ಚಿದ ಹಂಗಲ್ಲ, ಒಂದು ಪತ್ರಿಕೆ ಶಾಲೆ ಹೇಳತ್ತೆ, ಇನ್ನೊಂದು ಆರೋಪಿ ಮಾವ ಅನ್ನತ್ತೆ, ಮೂರನೇದು ಬೀದಿ ತೋರಿಸತ್ತೆ, ಮೂರೂ ಸೇರಿಸಿದ್ರೆ ಊರಿಗೆಲ್ಲಾ ಮಗು ಯಾರು ಅಂತ ಗೊತ್ತಾಗತ್ತೆ. ಬ್ರಿಟಿಷ್ ನ್ಯೂಸ್‌ರೂಮುಗಳಲ್ಲಿ ಇದನ್ನ ಜಿಗ್ಸಾ ಗುರುತಿಸುವಿಕೆ ಅಂತಾರೆ. ಭಾರತದಲ್ಲಿ ಪೋಕ್ಸೋ ಕಾಯ್ದೆಯ 23ನೇ ಕಲಂ ಪ್ರಕಾರ ಹೆಸರು, ವಿಳಾಸ, ಫೋಟೋ, ಮನೆಯವರ ವಿವರ, ಶಾಲೆ, ನೆರೆಹೊರೆ ಯಾವುದನ್ನೂ ಹಾಕೋ ಹಾಗಿಲ್ಲ. ಸಂಬಂಧ ಹೇಳ್ಲೇಬೇಕು ಅಂದ್ರೆ "ಮಗುವಿಗೆ ಪರಿಚಯ ಇದ್ದವರು" ಅಷ್ಟು ಸಾಕು.

ಯಾರನ್ನ ದೂರ್ತಿದೀವಿ ಅನ್ನೋದೂ ನೋಡ್ಕೊಳ್ಳಿ. 2007ರಲ್ಲಿ ಲಂಡನ್ನಲ್ಲಿ ಒಂದು ಪುಟ್ಟ ಮಗು ಸತ್ತ ಕೇಸಲ್ಲಿ ಪತ್ರಿಕೆಗಳ ಸಿಟ್ಟೆಲ್ಲಾ ಸಮಾಜ ಕಾರ್ಯಕರ್ತರ ಮೇಲೆ ತಿರುಗ್ತು, ಅಲ್ಲಿನ ಮಕ್ಕಳ ಸೇವೆಯ ಮುಖ್ಯಸ್ಥೆನ 2008ರ ಡಿಸೆಂಬರಲ್ಲಿ ಕೆಲಸದಿಂದ ತೆಗೆದ್ರು, 2011ರಲ್ಲಿ ಮೇಲ್ಮನವಿ ಕೋರ್ಟ್ ಆ ವಜಾ ಕಾನೂನುಬಾಹಿರ ಅಂತು. ಅಷ್ಟರಲ್ಲಿ ಇಂಗ್ಲೆಂಡಲ್ಲಿ ಮಕ್ಕಳನ್ನ ಮನೆಯಿಂದ ಬೇರೆ ಮಾಡೋ ಅರ್ಜಿಗಳು ಏರಿಬಿಟ್ಟಿದ್ವು, ಮುಂದಿನ ಹೆಡ್‌ಲೈನ್ ನಮ್ಮ ಮೇಲೆ ಬರಬಾರ್ದು ಅನ್ನೋ ಭಯಕ್ಕೆ.

ಶೇರ್ ಒತ್ತೋ ಮುಂಚೆ

2000ದ ಜುಲೈನಲ್ಲಿ ಒಂದು ಬ್ರಿಟಿಷ್ ಟ್ಯಾಬ್ಲಾಯ್ಡ್ ಮಕ್ಕಳ ಮೇಲಿನ ಅಪರಾಧಿಗಳ ಹೆಸರು ಫೋಟೋ ಹಾಕೋ ಅಭಿಯಾನ ಮಾಡ್ತು. ಪೋರ್ಟ್ಸ್‌ಮತ್ ಹತ್ರ ಜನ ಬೀದಿಗಿಳಿದ್ರು, ಸಂಬಂಧಾನೇ ಇಲ್ದಿರೋ ಕುಟುಂಬಗಳು ಮನೆ ಬಿಟ್ಟು ಓಡಿದ್ವು. ಅದೇ ಹೊತ್ತಲ್ಲಿ ವೇಲ್ಸ್‌ನಲ್ಲಿ ಒಬ್ಬ ಮಕ್ಕಳ ಡಾಕ್ಟರ್ ಮನೆ ಮೇಲೆ ಬೈಗುಳ ಗೀಚಿದ್ರು, ಅವರ ವೃತ್ತಿಯ ಇಂಗ್ಲಿಷ್ ಹೆಸರು ಆ ಅಪರಾಧಿಗಳಿಗೆ ಹೇಳೋ ಪದದ ಹಾಗೇ ಕೇಳಿಸ್ತು ಅನ್ನೋದಕ್ಕೆ. ಆರೋಪಿ ಫೋಟೋ ಫಾರ್ವರ್ಡ್ ಮಾಡೋದು ಅಂದ್ರೆ ಇದು. ಆರೋಪಿ ಮಗುವಿನ ಮನೆಯೋನೇ ಆಗಿದ್ರೆ ಅವನ ಫೋಟೋ ಜೊತೆ ಮಗುವಿನ ಗುರುತೂ ಹೋಯ್ತು. ದೌರ್ಜನ್ಯದ ವಿಡಿಯೋ ಅಂತೂ ಖಂಡಿಸೋಕೆ ಅಂತಲೂ ಕಳಿಸ್ಬೇಡಿ, ಪ್ರತಿ ಫಾರ್ವರ್ಡಲ್ಲೂ ಆ ಮಗುವಿಗೆ ಅದು ಇನ್ನೊಂದ್ಸಲ ಆಗತ್ತೆ, ಎಷ್ಟೋ ದೇಶಗಳಲ್ಲಿ ಅದೇ ಒಂದು ಅಪರಾಧ.

ಸುದ್ದಿ ಬಿಟ್ಟು ನಿಮ್ಮ ಸುತ್ತಲೇ ಒಂದು ಮಗುವಿನ ಬಗ್ಗೆ ಅನುಮಾನ ಬಂದ್ರೆ ಪೋಸ್ಟ್ ಹಾಕ್ಬೇಡಿ, ನೀವೇ ತನಿಖೆನೂ ಮಾಡ್ಬೇಡಿ. ಕಂಡಿದ್ದು, ಕೇಳಿದ್ದು, ತಾರೀಖು ಬರೆದಿಟ್ಕೊಳ್ಳಿ, ಮಗು ಆಡಿದ ಮಾತು ಮಗುವಿನ ಪದದಲ್ಲೇ ಇರ್ಲಿ, ಮಕ್ಕಳ ರಕ್ಷಣೆಗೆ ಅಂತ ಇರೋ ಅಧಿಕಾರಿಗಳಿಗೋ ಸಹಾಯವಾಣಿಗೋ ಹೇಳಿ. ಖಚಿತ ಆಗ್ಲಿ ಅಂತ ಕಾಯೋ ಅಗತ್ಯ ಇಲ್ಲ, ಖಚಿತ ಮಾಡೋದು ಅವರ ಕೆಲಸ. ಆ ಮನೆಯವರು ಒಳ್ಳೇ ಜನ ಅನ್ನೋ ಕಾರಣಕ್ಕೆ ಹೇಳೋದಾ ಬೇಡ್ವಾ ಅಂತ ತಡವರಿಸ್ತಿದ್ರೆ ಮೇಲೆ ಹೇಳಿದ್ನಲ್ಲ, ಆ ಮನೆ ಜಾಗದಲ್ಲಿ ನಿಮಗಿಷ್ಟ ಇಲ್ಲದ ಒಂದು ಮನೆ ಇಟ್ಟು ನೋಡಿ, ಆಗ ಫೋನ್ ಮಾಡ್ತಿದ್ರಿ ಅಂದ್ರೆ ಈಗಲೂ ಮಾಡಿ.

ಕೊನೇದು, ಒಂದು ಕೇಸಿನ ಬಗ್ಗೆ ನೀವು ಮಾತಾಡಿದ್ರೆ, ಶೇರ್ ಮಾಡಿದ್ರೆ, ಕ್ಯಾಲೆಂಡರಲ್ಲಿ ಆರು ತಿಂಗಳು ಬಿಟ್ಟು ಒಂದು ರಿಮೈಂಡರ್ ಇಟ್ಕೊಳ್ಳಿ. ಚಾರ್ಜ್‌ಶೀಟ್ ಆಯ್ತಾ, ಖುಲಾಸೆ ಆಯ್ತಾ, ಶಿಕ್ಷೆ ಆಯ್ತಾ ಅಂತ ಹುಡುಕಿ ನೋಡಿ. ಬಂಧನ ಮುಖಪುಟದಲ್ಲಿ ಬರತ್ತೆ, ಖುಲಾಸೆ ಏಳನೇ ಪುಟದ ಮೂಲೆಯಲ್ಲಿ ಬರತ್ತೆ, ಕೆಲವು ಸಲ ಬರೋದೂ ಇಲ್ಲ. ಸಿಕ್ಕಿದ್ದನ್ನ ಮೊದಲು ಹಾಕಿದ್ದ ಅದೇ ಗ್ರೂಪಲ್ಲಿ, ಅದೇ ಪೋಸ್ಟಿನ ಕೆಳಗೆ ಹಾಕಿ, ಆವತ್ತು ನೀವು ಬರೆದಿದ್ದು ತಪ್ಪಾಗಿದ್ರೆ ತಪ್ಪಾಗಿತ್ತು ಅಂತಾನೇ ಬರೀರಿ.